ಪಡಸಾಲೆಯ ಪಾಮ್ ಗಿಡ: ಗೊಬ್ಬರದ ಹಿತ ಮತ್ತು ಮಿತ

ಸಭೆ-ಸಮಾರಂಭಗಳಲ್ಲಿ ಅತಿಥಿಗಳಿಗೆ ಹಾರ-ತುರಾಯಿಗಳ ಬದಲಾಗಿ ಸಸಿಯೊಂದನ್ನಿತ್ತು ಗೌರವಿಸುವ ರೂಢಿ ಈಚಿನ ವರ್ಷಗಳಲ್ಲಿ ನಮ್ಮ ಭಾಗದಲ್ಲಿಯೂ ಬೆಳೆದು ಬಂದಿದೆ. ಇದು ಸ್ವಾಗತಾರ್ಹವಾದ ಸಂಗತಿ. ಹೀಗೆ ಬಂದ ಸಸಿಗಳಲ್ಲಿ ಪಾಮ್ ಜಾತಿಯ ಕುಂಡದ ಗಿಡಗಳದೇ ಮೇಲುಗೈ. ಗದಗ-ಬೆಟಗೇರಿಯ ಕಚೇರಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳ ಪಡಸಾಲೆಗಳಲ್ಲಿ, ಶಾಲೆಗಳ ಸಭಾಭವನಗಳಲ್ಲಿ ಇಂದು ಇವು ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಎಷ್ಟೋ ಗಿಡಗಳು ಎರಡನೆಯ ಬೇಸಿಗೆಯನ್ನು ಕಾಣುವುದಿಲ್ಲ. ಎಲೆಯ ತುದಿ ಕಂದಾಗುತ್ತದೆ. ಗಿಡ ಹಸಿದಿದೆಯೆಂದು ಬಗೆದು ಗೊಬ್ಬರ ಹಾಕುತ್ತೇವೆ. ತುದಿ ಮತ್ತಷ್ಟು ಒಣಗುತ್ತದೆ. ಮತ್ತೆ ಗೊಬ್ಬರ ಹಾಕುತ್ತೇವೆ. ಹೀಗೆ ಪ್ರೀತಿಯಿಂದಲೇ ಗಿಡ ಸಾಯುತ್ತದೆ. ಇದು ಏಕೆ ಹೀಗಾಗುತ್ತದೆ, ಇದಕ್ಕೆ ಪರಿಹಾರವೇನು ಎಂಬುದನ್ನು ಸ್ವಲ್ಪದರಲ್ಲಿ ವಿಚಾರ ಮಾಡೋಣ.

ಗಿಡದ ಪರಿಚಯ

ತೆಂಗು, ಅಡಿಕೆ, ಈಚಲು, ತಾಳೆ, ಬೈನೆ ಇವೆಲ್ಲ ಒಂದೇ ಮನೆತನದ ಸಸ್ಯಗಳು. ಒಳಾಂಗಣದ ಪಾಮ್‌ಗಳೂ ಇದೇ ಬಳಗಕ್ಕೆ ಸೇರಿದವು. ನಮ್ಮಲ್ಲಿ ಹೆಚ್ಚಾಗಿ ಕಾಣುವ 'ಅರೆಕಾ ಪಾಮ್' ಹೆಸರಿನಲ್ಲಿ ಅಡಿಕೆಯ ನೆನಪನ್ನು ಹೊತ್ತಿದ್ದರೂ ಅಡಿಕೆಯ ಗಿಡವಲ್ಲ. ಅದರ ತವರು ಮಡಗಾಸ್ಕರ್ ದ್ವೀಪ. ಇನ್ನೊಂದು ಸಣ್ಣ ಜಾತಿಯಾದ 'ಪಾರ್ಲರ್ ಪಾಮ್' ಮೆಕ್ಸಿಕೋ ಮತ್ತು ಗ್ವಾಟೆಮಾಲಾಗಳ ಕಾಡುಗಳ ನೆರಳಿನಲ್ಲಿ ಬೆಳೆಯುವಂಥದು. ನೆರಳಿಗೆ ಒಗ್ಗಿಕೊಳ್ಳುವ ಗುಣದಿಂದಲೇ ಇವು ನಮ್ಮ ಮನೆಯೊಳಗೂ ಬದುಕಬಲ್ಲವು.

ಪಾಮ್‌ನ ಒಂದೊಂದು ಕಾಂಡಕ್ಕೂ ಬೆಳೆಯುವ ತಾಣ ಒಂದೇ, ಅದೇ ಸುಳಿ. ಸುಳಿ ಸುಟ್ಟರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಗೊಬ್ಬರವನ್ನು ಎಂದೂ ಸುಳಿಯ ಮೇಲಾಗಲೀ ಕಾಂಡದ ಬುಡಕ್ಕೆ ತಾಗಿಸಿಯಾಗಲೀ ಹಾಕಬಾರದು.

ಬೆಳಕಿದ್ದಷ್ಟೇ ಹಸಿವು

ಗೊಬ್ಬರವನ್ನು ಗಿಡದ ಆಹಾರವೆಂದು ನಾವು ವಾಡಿಕೆಯಲ್ಲಿ ಕರೆಯುತ್ತೇವೆ. ಶಾಸ್ತ್ರದೃಷ್ಟಿಯಿಂದ ಇದು ಅಷ್ಟು ಸರಿಯಲ್ಲ. ಗಿಡವು ತನ್ನ ಆಹಾರವನ್ನು ಬೆಳಕಿನ ನೆರವಿನಿಂದ ಎಲೆಯಲ್ಲಿ ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಗೊಬ್ಬರವು ಆ ಅಡುಗೆಗೆ ಬೇಕಾದ ಉಪ್ಪು-ಒಗ್ಗರಣೆಯಿದ್ದಂತೆ. ಒಲೆಯೇ ಉರಿಯದಿರುವಾಗ ಉಪ್ಪನ್ನು ಸುರಿದರೆ ಅಡುಗೆಯಾದೀತೇ? ಮನೆಯೊಳಗಿನ ಬೆಳಕು ಹೊರಗಿನದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಅಲ್ಲಿನ ಗಿಡದ ಬೆಳವಣಿಗೆಯೂ ಕಡಿಮೆ, ಅದಕ್ಕೆ ಬೇಕಾಗುವ ಗೊಬ್ಬರವೂ ಕಡಿಮೆ. ಉಳಿದ ಲವಣ ಕುಂಡದಲ್ಲಿಯೇ ಸಂಗ್ರಹವಾಗಿ ಬೇರಿನಿಂದ ನೀರನ್ನು ಹೊರಗೆಳೆಯುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿಯ ಹೊಪ್ಪಳಿಕೆ ಕಂಡರೆ ಇದೇ ನಡೆದಿದೆಯೆಂದು ತಿಳಿಯಬೇಕು.

ಎಲೆಗಳ ಭಾಷೆ

ಸಾರಜನಕ, ಪೊಟ್ಯಾಶ್ ಮತ್ತು ಮೆಗ್ನೀಸಿಯಂಗಳು ಕೊರತೆಯಾದಾಗ ಗಿಡವು ತನ್ನ ಹಳೆಯ ಎಲೆಗಳಲ್ಲಿರುವುದನ್ನು ತೆಗೆದು ಎಳೆಯ ಎಲೆಗಳಿಗೆ ಸಾಗಿಸುತ್ತದೆ. ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ ಇದು. ಆದ್ದರಿಂದ ಈ ಮೂರರ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಸಾರಜನಕ ಸಾಲದಿದ್ದರೆ ಹಳೆಯ ಎಲೆಯೆಲ್ಲ ತಿಳಿಹಸಿರಾಗಿ ಮಂಕಾಗುತ್ತದೆ. ಪೊಟ್ಯಾಶ್ ಸಾಲದಿದ್ದರೆ ಹಳದಿ ಇಲ್ಲವೆ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡಿ ತುದಿಗಳು ಒಣಗುತ್ತವೆ. ಮೆಗ್ನೀಸಿಯಂ ಸಾಲದಿದ್ದರೆ ಎಲೆಯ ನಡುಭಾಗ ಹಸಿರಾಗಿಯೇ ಉಳಿದು ಅಂಚಿನುದ್ದಕ್ಕೂ ಹಳದಿ ಪಟ್ಟಿ ಕಾಣುತ್ತದೆ. ಇಂಥ ಎಲೆಗಳು ನೋಡಲು ಅಂದವಲ್ಲವೆಂದು ಕತ್ತರಿಸಿ ಹಾಕಿದರೆ ಗಿಡದ ಉಗ್ರಾಣವನ್ನೇ ಕಿತ್ತುಕೊಂಡಂತಾಗುವುದು. ಅವು ಪೂರ್ತಿ ಒಣಗಿದ ಮೇಲೆಯೇ ತೆಗೆಯಬೇಕು.

ಕಬ್ಬಿಣ, ಮ್ಯಾಂಗನೀಸ್‌ಗಳ ಕೊರತೆ ಇದಕ್ಕೆ ವಿರುದ್ಧವಾಗಿ ಹೊಸ ಎಲೆಗಳಲ್ಲಿ ಕಾಣುತ್ತದೆ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಹೊಸ ಎಲೆ ಮುರುಟಿಕೊಂಡು ಸುಟ್ಟಂತೆ ಹೊರಬಂದರೆ ಮ್ಯಾಂಗನೀಸಿನದು. ಅನೇಕ ವೇಳೆ ಇವು ಮಣ್ಣಿನಲ್ಲಿ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಿರುವುದು, ಗಿಡವನ್ನು ಬಹಳ ಆಳಕ್ಕೆ ನೆಟ್ಟಿರುವುದು, ಗಡಸು ನೀರಿನಿಂದ ಮಣ್ಣು ಕ್ಷಾರಗುಣ ಪಡೆದಿರುವುದು ಇದಕ್ಕೆ ಮುಖ್ಯ ಕಾರಣಗಳು.

ನೀರಿನ ಪ್ರಶ್ನೆ

ಇಲ್ಲಿಗೆ ನಮ್ಮ ಜಿಲ್ಲೆಯ ವಿಶೇಷ ಸಮಸ್ಯೆಗೆ ಬಂದೆವು. ಮುಂಡರಗಿ ಮೊದಲಾದ ತಾಲೂಕುಗಳ ಅನೇಕ ಊರುಗಳ ಕೊಳವೆ ಭಾವಿಗಳ ನೀರು ಗಡಸಾಗಿರುವುದಲ್ಲದೆ ಅದರಲ್ಲಿ ಫ್ಲೋರೈಡಿನ ಅಂಶವೂ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕ ಮಿತಿ. ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕವು ಹೇಳುತ್ತದೆ. ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಕಲೆ ಬೀಳುವುದನ್ನು ನಮ್ಮ ಶಿಕ್ಷಕರು ಬಲ್ಲರು. ಅರೆಕಾ ಮತ್ತು ಪಾರ್ಲರ್ ಪಾಮ್‌ಗಳೂ ಫ್ಲೋರೈಡನ್ನು ಸಹಿಸಲಾರವು. ಬೇರು ಹೀರಿದ ಫ್ಲೋರೈಡು ನೀರಿನೊಡನೆ ಎಲೆಯ ತುದಿಯವರೆಗೆ ಹೋಗುತ್ತದೆ. ನೀರು ಆವಿಯಾಗುತ್ತದೆ, ಫ್ಲೋರೈಡು ಅಲ್ಲಿಯೇ ಉಳಿದು ತುದಿಯನ್ನು ಸುಡುತ್ತದೆ. ನಾವು ಹಸಿವೆಂದು ತಿಳಿಯುವ ಕಂದು ತುದಿ ಎಷ್ಟೋ ಸಲ ನೀರಿನ ದೋಷವಾಗಿರುತ್ತದೆ. ಅದಕ್ಕೆ ಗೊಬ್ಬರ ಮದ್ದಲ್ಲ. ಅದರಲ್ಲಿಯೂ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿ ಸ್ವಾಭಾವಿಕವಾಗಿಯೇ ಫ್ಲೋರೈಡಿನ ಅಂಶವಿರುವುದರಿಂದ ಅದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ. ಕುಂಡದ ಪಾಮ್‌ಗೆ ಅದನ್ನು ಬಳಸಲೇಬಾರದು.

ನೀರನ್ನು ರಾತ್ರಿಯಿಡೀ ಬಿಟ್ಟಿಟ್ಟರೆ ಅದರಲ್ಲಿಯ ಕ್ಲೋರಿನ್ ಹೋದೀತು, ಫ್ಲೋರೈಡು ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ತುಂಗಭದ್ರೆಯ ನೀರು ಬರುವ ಊರುಗಳಲ್ಲಿ ಆ ನೀರನ್ನೂ ಉಳಿದಲ್ಲಿ ಮಳೆಯ ನೀರನ್ನೂ ಗಿಡಕ್ಕೆ ಕೊಡುವುದು ಉತ್ತಮ. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದು ಹೋಗಲು ಬಿಟ್ಟು, ನಂತರದ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಹಿಡಿದಿಡಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ನಾಡಿನಲ್ಲಿ ಶಾಲೆಯ ಒಂದು ಮಾಳಿಗೆಯ ನೀರೇ ಕುಂಡಗಳಿಗೆ ಬೇಕಾದಷ್ಟಾಗುತ್ತದೆ.

ಮಣ್ಣು ಮತ್ತು ಗೊಬ್ಬರದ ಪ್ರಮಾಣ

ನಮ್ಮ ಎರೆ ಮಣ್ಣು ಹತ್ತಿಗೆ, ಜೋಳಕ್ಕೆ ವರದಾನ. ಕುಂಡಕ್ಕೆ ಮಾತ್ರ ತಕ್ಕುದಲ್ಲ. ಹಸಿಯಾದಾಗ ಜಿಗುಟಾಗಿ ಬೇರನ್ನು ಉಸಿರುಗಟ್ಟಿಸುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಕೂಡಿಸಿದರೆ ಒಳ್ಳೆಯ ಮಿಶ್ರಣವಾಗುತ್ತದೆ. ಕೆಂಪು ಮಣ್ಣಿಗಾಗಿ ಯಾರೂ ಕಪ್ಪತಗುಡ್ಡದ ಕಡೆಗೆ ಗುದ್ದಲಿ ಹಿಡಿದು ಹೋಗಬಾರದು. 2019 ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಹೊಲದ ಬದುವಿನ ಮಸಾರಿಯೇ ಸಾಕು.

ರಸಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾ ಪ್ರಮಾಣವನ್ನು ಸೂಚಿಸುತ್ತವೆ. ಕುಂಡದ ಪಾಮ್‌ಗಳಿಗೆ ಇವು 3:1:2 ರ ಪ್ರಮಾಣದಲ್ಲಿರುವುದು ಹಿತಕರ. ನಮ್ಮ ಪೇಟೆಗಳಲ್ಲಿ ಸಿಗುವ 19:19:19 ಗೊಬ್ಬರದಲ್ಲಿ ರಂಜಕ ಈ ಲೆಕ್ಕಕ್ಕಿಂತ ಹೆಚ್ಚಾಗಿದೆ. ಅದನ್ನು ಸರಿದೂಗಿಸುವ ಬಗೆ ಹೀಗೆ: 19:19:19 ಗೊಬ್ಬರ 4 ಗ್ರಾಂ, ಯೂರಿಯಾ 3 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ (13:0:45) 2 ಗ್ರಾಂ. ಈ 9 ಗ್ರಾಮಿನಲ್ಲಿ ಸಾರಜನಕ 2.40, ರಂಜಕ 0.76, ಪೊಟ್ಯಾಶ್ 1.66 ಗ್ರಾಂ ಇರುತ್ತವೆ. ಅಂದರೆ ಬೇಕಾದ ಪ್ರಮಾಣಕ್ಕೆ ಬಹು ಸಮೀಪ. ಇದನ್ನು 18 ಲೀಟರ್ ನೀರಿನಲ್ಲಿ ಕರಗಿಸಿದರೆ ಒಂದು ದೊಡ್ಡ ಬಕೆಟ್ಟಿನ ನೀರು ಸಾಧಾರಣ ಗಾತ್ರದ 18 ಕುಂಡಗಳಿಗೆ, ಕುಂಡಕ್ಕೆ ಲೀಟರಿನಂತೆ, ಸಾಕಾಗುತ್ತದೆ. ಶಾಲೆಯ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಮಕ್ಕಳೇ ತೂಗಿ ಈ ಲೆಕ್ಕವನ್ನು ಮಾಡಬಹುದು. ಶೇಕಡಾವಾರು ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಮೆಗ್ನೀಸಿಯಂ ಕೊರತೆಯ ಲಕ್ಷಣವಿದ್ದರೆ ಮಾತ್ರ ಲೀಟರಿಗೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ಎರಡು ತಿಂಗಳಿಗೊಮ್ಮೆ ಕೊಡಬಹುದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ, ಫೆಬ್ರವರಿ ಕೊನೆಗೆ ಒಮ್ಮೆ ಗೊಬ್ಬರದ ನೀರು ಕೊಟ್ಟರಾಯಿತು. ಚಳಿಗಾಲದಲ್ಲಿ ಗಿಡ ವಿಶ್ರಾಂತಿಯಲ್ಲಿರುತ್ತದೆ. ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ ಅದಕ್ಕೆ ನೀರು ಬೇಕು, ಗೊಬ್ಬರ ಬೇಡ. ಒಣಗಿದ ಮಣ್ಣಿಗೆ ಮೊದಲು ಬರಿಯ ನೀರುಣಿಸಿ ಆಮೇಲೆ ಗೊಬ್ಬರದ ನೀರು ಹಾಕಬೇಕು. ಹೊಸದಾಗಿ ತಂದ ಗಿಡಕ್ಕೆ ಎರಡು-ಮೂರು ತಿಂಗಳು ಏನನ್ನೂ ಹಾಕಬಾರದು. ಸಸ್ಯಾಗಾರದವರು ಹಾಕಿದ್ದು ಕುಂಡದಲ್ಲಿ ಉಳಿದಿರುವ ಸಂಭವವುಂಟು. ಮೂರು ತಿಂಗಳಿಗೊಮ್ಮೆ ಕುಂಡವನ್ನು ಹೊರಗಿನ ನೆರಳಿನಲ್ಲಿಟ್ಟು, ಅದರ ಗಾತ್ರದ ಎರಡು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹೊಯ್ದು ಲವಣವನ್ನು ತೊಳೆದು ಹರಿಯಬಿಡಬೇಕು.

ರಸಗೊಬ್ಬರ ಬೇಡವೆನ್ನುವವರು ಮಳೆಗಾಲದ ಆರಂಭದಲ್ಲಿ ಒಮ್ಮೆ, ದಸರೆಯ ಹೊತ್ತಿಗೆ ಒಮ್ಮೆ, ಎರಡು ಹಿಡಿ ಎರೆಹುಳು ಗೊಬ್ಬರವನ್ನು ಮೇಲ್ಮಣ್ಣಿನಲ್ಲಿ ಬೆರೆಸಿದರೂ ಸಾಕು. ಹಸಿ ಸೆಗಣಿ ಬೇರನ್ನು ಸುಡುತ್ತದೆ. ಶೇಂಗಾ ಹಿಂಡಿ ಒಳ್ಳೆಯದಾದರೂ ಮನೆಯೊಳಗೆ ನಾತ, ಇರುವೆಗಳ ಉಪದ್ರವ ತರುತ್ತದೆ. ಒಲೆಯ ಬೂದಿ ಈಗಾಗಲೇ ಕ್ಷಾರವಾಗಿರುವ ಮಣ್ಣನ್ನು ಮತ್ತಷ್ಟು ಕ್ಷಾರ ಮಾಡುತ್ತದೆ. ಅದನ್ನು ಬಿಡುವುದೇ ಲೇಸು.

ಕೊನೆಯ ಮಾತು

ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಈ ಗಿಡ ಒಂದು ನಿದರ್ಶನ. ಇದರ ಕಂದು ತುದಿ ನಮಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದೆ. ಗಿಡದ ಎಲೆಯೊಂದನ್ನೇ ನೋಡಿ ನೀರಿನ ಗುಣವನ್ನು ನಿರ್ಧರಿಸಲಾಗದು ನಿಜ. ಒಣಹವೆ, ಲವಣ, ನೀರಿನ ಅಭಾವಗಳಿಂದಲೂ ತುದಿ ಒಣಗುತ್ತದೆ. ಆದರೂ ಅದೇ ಕೊಳವೆ ಭಾವಿಯ ನೀರನ್ನು ನಮ್ಮ ಮಕ್ಕಳು ಕುಡಿಯುತ್ತಿದ್ದರೆ, ಅದನ್ನು ಪ್ರಯೋಗಶಾಲೆಗೆ ಕಳಿಸಿ ಪರೀಕ್ಷಿಸುವುದು ನಮ್ಮ ಹೊಣೆಯಲ್ಲವೇ? ಶಾಲೆಗೆ ಕುಂಡವೊಂದನ್ನು ಕಾಣಿಕೆಯಾಗಿ ಕೊಡುವ ದಾನಿಗಳು, ಹಳೆಯ ವಿದ್ಯಾರ್ಥಿಗಳು ಅದರೊಡನೆ ಮಳೆನೀರು ಹಿಡಿಯುವ ತೊಟ್ಟಿಯೊಂದನ್ನೂ ಕಟ್ಟಿಸಿಕೊಟ್ಟರೆ ಗಿಡವೂ ಉಳಿದೀತು, ಮಕ್ಕಳಿಗೆ ನೀರಿನ ಬೆಲೆಯೂ ತಿಳಿದೀತು.