ಯಂತ್ರದ ಸದ್ದು ಮತ್ತು ಕಾರ್ಮಿಕರ ಕಿವಿ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಅನೇಕ ತರುಣರು ಐಟಿಐ, ಡಿಪ್ಲೊಮಾ ಮುಗಿಸಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ದೊಡ್ಡ ಎಂಜಿನಿಯರಿಂಗ್ ಕಾರ್ಖಾನೆಗಳಿಗೆ ಸೇರುತ್ತಾರೆ. ದಾಂಡೇಲಿಯ ಮನೆಗಳಿಗಂತೂ ಕಾಗದದ ಕಾರ್ಖಾನೆ ಬಂದ 1950ರ ದಶಕದಿಂದಲೂ ಪಾಳಿಯ ದುಡಿಮೆ ಪರಿಚಿತ. ಹಬ್ಬ, ಜಾತ್ರೆಗೆಂದು ಊರಿಗೆ ಬಂದ ಇಂತಹ ನೌಕರರನ್ನು ನಾವು ಮಾತನಾಡಿಸುವುದುಂಟು. ಸಂಬಳ, ಕ್ಯಾಂಟೀನು, ಓವರ್‌ಟೈಮು, ಮೇಲಧಿಕಾರಿಗಳ ಸ್ವಭಾವ ಎಲ್ಲವನ್ನೂ ಅವರು ಹೇಳುತ್ತಾರೆ. ಕಿವಿಯ ಮಾತನ್ನು ಮಾತ್ರ ಹೇಳುವವರು ಮನೆಯವರು: "ಕರೆದರೆ ಓಗೊಡುವುದಿಲ್ಲ, ಟಿವಿ ಸದ್ದು ಜೋರಾಗಿಯೇ ಇರಬೇಕು."

ಜೋಯಿಡಾದ ಕಾಡಂಚಿನ ನೌಕರರೊಬ್ಬರು, ಊರಿನ ಜೀರುಂಡೆಗಳ ಸದ್ದು ನಗರದ ಬಾಡಿಗೆ ಕೋಣೆಯಲ್ಲೂ ಕೇಳುತ್ತದೆ ಎಂದು ನಗುತ್ತಾ ಹೇಳಿದ್ದರು. ಅದು ಜೀರುಂಡೆಯಲ್ಲ, ದಣಿದ ಕಿವಿ ತಾನೇ ಹುಟ್ಟಿಸಿಕೊಂಡ ಮೊರೆತ. ಹಾನಿ ಆರಂಭವಾಗಿರುವುದರ ಸೂಚನೆ ಅದಾಗಿರಬಹುದು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಒಂದು ಅಂಗವಿದೆ. ಅದರೊಳಗಿನ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸದ್ದಿನ ಕಂಪನವನ್ನು ಗ್ರಹಿಸಿ ಮಿದುಳಿಗೆ ಕಳುಹಿಸುತ್ತವೆ. ಅತಿಯಾದ ಸದ್ದಿಗೆ ಇವು ಬಳಲುತ್ತವೆ. ಪಾಳಿ ಮುಗಿದಾಗ ಕಿವಿ ಮುಚ್ಚಿದಂತಾಗಿ ಬೆಳಗಾಗುವಷ್ಟರಲ್ಲಿ ಸರಿಹೋಗುವುದು ಇದರಿಂದಲೇ. ಆದರೆ ದಿನದಿನವೂ ಇದೇ ನಡೆದರೆ ಕೋಶಗಳು ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟದು. ಅದಕ್ಕೆ ಔಷಧವೂ ಇಲ್ಲ. ನೋವಿಲ್ಲದೆ ಬರುವ ಕಾರಣ ಈ ಹಾನಿ ವರ್ಷಗಟ್ಟಲೆ ಗಮನಕ್ಕೇ ಬರುವುದಿಲ್ಲ. ಮೊದಲು ಕುಂದುವುದು ಉಚ್ಚ ಸ್ವರಗಳ ಗ್ರಹಣಶಕ್ತಿ. ಆದ್ದರಿಂದಲೇ ಹೆಂಗಸರ, ಮಕ್ಕಳ ಮಾತು ಹಾಗೂ ಸ, ಶ, ಚ ಮುಂತಾದ ಅಕ್ಷರಗಳು ಅಸ್ಪಷ್ಟವಾಗುತ್ತವೆ. ಮನೆಯವರು ಇದನ್ನು ಅಸಡ್ಡೆಯೆಂದು ತಿಳಿಯುವುದೂ ಉಂಟು.

ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂಬುದು ತಜ್ಞರ ಸಲಹೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಗ್ರೈಂಡಿಂಗ್, ಪ್ರೆಸ್, ಸುತ್ತಿಗೆಯ ಕೆಲಸಗಳಲ್ಲಿ ಸದ್ದು ಹಲವು ವೇಳೆ 90ನ್ನು ಮೀರುತ್ತದೆ. ಅಳೆಯುವ ಉಪಕರಣವಿಲ್ಲದಿದ್ದರೂ ಒಂದು ಪರೀಕ್ಷೆಯುಂಟು: ಕೈಯಳತೆಯ ದೂರದಲ್ಲಿ ನಿಂತವರೊಡನೆ ಮಾತನಾಡಲು ಧ್ವನಿ ಏರಿಸಬೇಕಾದರೆ ಆ ಸ್ಥಳ ಕಿವಿಗೆ ಅಪಾಯಕರ. ಓವರ್‌ಟೈಮು ದುಡಿದ ದಿನ ಕಿವಿಯ ಮೇಲಿನ ಹೊರೆಯೂ ಹೆಚ್ಚುತ್ತದೆ.

ನಾವು ಮಾಡಬೇಕಾದುದೇನು? ಅರಳೆ ತುರುಕಿದರೆ ರಕ್ಷಣೆ ಸಿಗದು. ಇಯರ್ ಪ್ಲಗ್ಗನ್ನು ಶುದ್ಧ ಕೈಯಿಂದ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಅರಳುವವರೆಗೆ ಒತ್ತಿ ಹಿಡಿಯಬೇಕು. ಪಾಳಿಯ ನಡುವೆ ಸ್ವಲ್ಪ ಹೊತ್ತು ತೆಗೆದಿಟ್ಟರೂ ಪ್ರಯೋಜನ ಬಹಳಷ್ಟು ಕುಗ್ಗುತ್ತದೆ. ಪಾಳಿ ಮುಗಿದ ಮೇಲೆ ಕಿವಿಗೆ ಮೌನವೇ ವಿಶ್ರಾಂತಿ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಜೋರಾಗಿ ಹಾಡು ಕೇಳುವುದು ಆ ವಿಶ್ರಾಂತಿಯನ್ನು ಕಸಿಯುತ್ತದೆ. ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಇಟ್ಟುಕೊಳ್ಳಬೇಕು. ಕಿವಿ ಹಠಾತ್ತನೆ ಮಂದವಾದರೆ ತಡಮಾಡದೆ ಅಂದೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಕೇಳುವಿಕೆ ಈಗಾಗಲೇ ಕುಂದಿದವರಿಗೆ ಶ್ರವಣಸಾಧನ ನೆರವಾಗುತ್ತದೆ. ಕನ್ನಡಕ ಧರಿಸಲು ಇಲ್ಲದ ಸಂಕೋಚ ಅದನ್ನು ಧರಿಸಲು ಏಕೆ?

ಸದ್ದಿನಿಂದ ಬರುವ ಕಿವುಡನ್ನು 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿಯೂ, ಇಎಸ್‌ಐ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಯೂ ಸೇರಿಸಲಾಯಿತು. ಆದಕಾರಣ ಇದು ಹಣೆಬರಹವಲ್ಲ, ತಡೆಯಬಹುದಾದ ರೋಗ. ಯಂತ್ರದ ಸದ್ದನ್ನು ತಗ್ಗಿಸುವುದು, ರಕ್ಷಣಾ ಸಾಧನ ಒದಗಿಸುವುದು ಮಾಲೀಕರ ಹೊಣೆ. ಅದನ್ನು ಕೇಳಿ ಪಡೆಯುವುದು ಕಾಯಂ ನೌಕರರಿಗೂ ಗುತ್ತಿಗೆ ಕಾರ್ಮಿಕರಿಗೂ ಸಮಾನವಾದ ಹಕ್ಕು.

ಕಾಯಕಕ್ಕೆ ಕಾಯವೇ ಆಧಾರ. ದುಡಿದು ಮನೆಗೆ ಬಂದವರಿಗೆ ಮಗುವಿನ ತೊದಲುಮಾತು ಕೇಳಿಸಬೇಕು. ಮನೆಯಲ್ಲಿ ಯಾರಾದರೂ ಕರೆದಾಗ ಓಗೊಡದಿದ್ದರೆ ಸಿಟ್ಟಾಗುವ ಮೊದಲು, ಅವರ ಕಿವಿಯನ್ನು ಪರೀಕ್ಷೆ ಮಾಡಿಸೋಣ.