ನಿಮ್ಮ ಹಿತ್ತಲ ಅಮೃತಬಳ್ಳಿ ಅಸಲಿಯೇ?

ಕಾಂಪೌಂಡಿನ ಮೇಲೆ ಹಬ್ಬಿರುವ ನಿಮ್ಮ ಅಮೃತಬಳ್ಳಿ ನಿಜಕ್ಕೂ ಅಮೃತಬಳ್ಳಿಯೇ? ಕೇಳಿಕೊಳ್ಳಲು ಕಾರಣವಿದೆ. 2020ರಲ್ಲಿ ಕೋವಿಡ್ ಬಂದಾಗ ಕಷಾಯಕ್ಕೆಂದು ಪಕ್ಕದ ಮನೆಯಿಂದಲೋ ಬೇಲಿಯಿಂದಲೋ ಇದರ ತುಂಡು ತಂದು ನೆಟ್ಟವರು ಬಹಳ. ಮರುವರ್ಷವೇ ಮುಂಬೈಯ ವೈದ್ಯರು, ಈ ಬಳ್ಳಿಯನ್ನು ಸೇವಿಸುತ್ತಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅವರು ಸೇವಿಸಿದ್ದು ಇದನ್ನೇ ಹೋಲುವ ಬೇರೊಂದು ಬಳ್ಳಿ ಇರಬಹುದು ಎಂದಿತು. 2022ರಲ್ಲಿ ಎರಡನ್ನೂ ಗುರುತಿಸುವ ಬಗೆಯನ್ನು ತಿಳಿಸಿತು.

ಅಸಲಿ ಬಳ್ಳಿಯ ಶಾಸ್ತ್ರೀಯ ಹೆಸರು ಟಿನೋಸ್ಪೋರ ಕಾರ್ಡಿಫೋಲಿಯ. ಅದರ ಹತ್ತಿರದ ಸಂಬಂಧಿ ಟಿನೋಸ್ಪೋರ ಕ್ರಿಸ್ಪ. ಎರಡರ ಎಲೆಯೂ ವೀಳ್ಯದೆಲೆಯಂತೆ ಹೃದಯದ ಆಕಾರ. ಎರಡೂ ಕಹಿ. ಆದ್ದರಿಂದ 'ಕಹಿಯಿದೆ, ಇದೇ ಸರಿ' ಎಂದು ನಿರ್ಧರಿಸಬೇಡಿ.

ಎಲೆಯನ್ನು ಬಿಟ್ಟು ಕಾಂಡವನ್ನು ನೋಡಿ. ಅಸಲಿಯದು ಹಸಿರು ಕಾಂಡ. ಬಲಿತಾಗ ಮೇಲೆ ಕಾಗದದಂಥ ತೆಳುಸಿಪ್ಪೆ ಏಳುತ್ತದೆ. ಚಿಕ್ಕ ಚುಕ್ಕೆಗಳಿರಬಹುದು, ಆದರೆ ಉಬ್ಬು ಗಂಟುಗಳಿರುವುದಿಲ್ಲ. ಕ್ರಿಸ್ಪದ ಕಾಂಡ ಬೂದು ಬಣ್ಣದ್ದು. ಮೈತುಂಬ ನರೂಲಿಯಂಥ ಗುಳ್ಳೆಗಳು, ಬೆರಳಾಡಿಸಿದರೆ ಒರಟು. ಮುರಿದರೆ ಹಾಲಿನಂಥ ರಸ ಬರುತ್ತದೆ, ಅಸಲಿಯಲ್ಲಿ ಬರುವುದಿಲ್ಲ. ಅಸಲಿಯ ಹೂವಿಗೆ ಆರು ದಳ, ಹಣ್ಣು ಗುಂಡಗೆ, ಕೆಂಪು. ಕ್ರಿಸ್ಪಕ್ಕೆ ಮೂರು ದಳ, ಹಣ್ಣು ನೀಳ, ಕಿತ್ತಳೆ ಬಣ್ಣ. ಆದರೆ ಹಣ್ಣಿಗಾಗಿ ಕಾಯುತ್ತ ಕೂರಬೇಡಿ. ಈ ಬಳ್ಳಿಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ನಿಮ್ಮದು ಗಂಡಾದರೆ ಎಂದಿಗೂ ಕಾಯಿ ಬಿಡದು! ಟಿನೋಸ್ಪೋರ ಸೈನೆನ್ಸಿಸ್ ಎಂಬ ಮೂರನೆಯದೂ ಇದೆ. ಅದರ ಎಲೆಯ ಮೇಲೆ ನವಿರಾದ ರೋಮವಿರುತ್ತದೆ. ಸಂಶಯ ಬಂದರೆ ಹತ್ತಿರದ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗಕ್ಕೆ ಒಂದು ತುಂಡು ಒಯ್ದು ತೋರಿಸಿ.

ಬೆಳೆಸುವುದು ಸುಲಭ. ಮುಂಗಾರು ಹಿಡಿದ ಮೇಲೆ, ಕಿರುಬೆರಳಿನ ದಪ್ಪದ, ಎರಡು ಮೂರು ಗಿಣ್ಣುಗಳಿರುವ ಗೇಣುದ್ದದ ತುಂಡನ್ನು ನೆಟ್ಟರೆ ಸಾಕು. ನೀರು ನಿಲ್ಲಬಾರದು. ದೊಡ್ಡ ಕುಂಡದಲ್ಲೂ ಬರುತ್ತದೆ. ಬೇವಿನ ಮರಕ್ಕೆ ಹಬ್ಬಿದ್ದೇ ಶ್ರೇಷ್ಠವೆಂದು ವೈದ್ಯರು ಹೇಳುವುದುಂಟು. ಬೇವಿಲ್ಲದವರಿಗೆ ತಂತಿ ಬೇಲಿಯೂ ಆದೀತು. ಎಳೆಯ ಗಿಡಗಳ ಮೇಲೆ ಮಾತ್ರ ಬಿಡಬೇಡಿ, ಪೂರ್ತಿ ಮುಚ್ಚಿಬಿಡುತ್ತದೆ. ಒಣಹವೆಯಲ್ಲಿ ಎಲೆ ಉದುರಿದರೆ ಸತ್ತಿತೆಂದು ಕೀಳದಿರಿ.

ಬಳ್ಳಿ ಅಸಲಿಯೆಂದ ಮಾತ್ರಕ್ಕೆ ಮನೆಮಂದಿಗೆಲ್ಲ ದಿನವೂ ಕಷಾಯ ಕುಡಿಸಬಹುದೆ? ನನ್ನ ಮಟ್ಟಿಗೆ, ಬೇಡ. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವಿವರ ಪ್ರಕಟವಾಯಿತು. ಅಸಲಿ ಬಳ್ಳಿಯೂ ಕೆಲವರ ರೋಗನಿರೋಧಕ ಶಕ್ತಿಯನ್ನು ಯಕೃತ್ತಿನ ಮೇಲೆಯೇ ತಿರುಗಿಸಬಹುದು ಎಂಬುದು ಅದನ್ನು ಬರೆದ ವೈದ್ಯರ ಅಭಿಪ್ರಾಯ. ವಾದ ಇನ್ನೂ ಮುಗಿದಿಲ್ಲ. ಯಕೃತ್ತಿನ ತೊಂದರೆ, ಸಂಧಿವಾತದಂಥ ಸ್ವಯಂನಿರೋಧಕ ಕಾಯಿಲೆ, ಥೈರಾಯ್ಡ್ ಸಮಸ್ಯೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇದೂ ಸಕ್ಕರೆ ಇಳಿಸಬಲ್ಲದು ಎಂಬುದನ್ನು ನೆನಪಿಡಿ.

ಕುಡಿಯುತ್ತಿರುವಾಗ ಹಸಿವು ಸತ್ತು, ಮೂತ್ರ ಕಡುಹಳದಿಯಾಗಿ, ಕಣ್ಣು ಹಳದಿಗಟ್ಟಿದರೆ ಕಷಾಯವನ್ನು ಅಂದೇ ನಿಲ್ಲಿಸಿ. ಆಸ್ಪತ್ರೆಗೆ ಹೋದಾಗ ಅದನ್ನು ಕುಡಿದ ವಿಷಯವನ್ನು ಮರೆಮಾಚದೆ ಹೇಳಿ. ಸಾಧ್ಯವಾದರೆ ಬಳ್ಳಿಯ ತುಂಡೊಂದನ್ನೂ ಜೊತೆಗೆ ಒಯ್ಯಿರಿ.