ಕಾಫಿ ತೋಟದಿಂದ ಕೈತಯಾರಿಕೆಯ ಅತ್ತರು: ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು?

ಹೂಮಳೆ ಬಿದ್ದು ವಾರ ಕಳೆದರೆ ಸಾಕು, ತಿತಿಮತಿ ಸುತ್ತಿನ ರೊಬಸ್ಟಾ ತೋಟಗಳು ಬಿಳಿಯಾಗಿ ಅರಳುತ್ತವೆ. ಮಲ್ಲಿಗೆಯಂಥ ಘಮ ರಸ್ತೆವರೆಗೂ ಬರುತ್ತೆ. ಇದನ್ನೇ ಬಾಟಲಿಗೆ ತುಂಬಿ ಮಾರಿದ್ರೆ ಹೇಗೆ ಅಂತ ಅನ್ನಿಸೋದು ಸಹಜ. ಅತ್ತರಿಗೆ ಬೇಕಾದ ಸಾಮಗ್ರಿ ತೋಟದಲ್ಲಿ ಧಾರಾಳವಾಗಿದೆ. ಆದರೆ ಮುಖ್ಯ ಬೆಳೆಗೆ ಪೆಟ್ಟು ಬೀಳದಂತೆ ಯಾವುದನ್ನು ತೆಗೆಯಬಹುದು ಎಂಬ ಲೆಕ್ಕ ಮೊದಲು ಆಗಬೇಕು.

ಕಾಫಿ ಹೂವಿಗೆ ಕೈ ಹಾಕುವ ಮುನ್ನ

ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಜೇನ್ನೊಣ ಪಕ್ಕದ ಗಿಡದ ಪರಾಗ ತರಬೇಕು. ಅರಳಿದ ಹೂ ಕಿತ್ತರೆ ಒಂದು ಕಾಯಿಯೂ ಹೋಯ್ತು, ನೆರೆಗಿಡಕ್ಕೆ ಹೋಗಬೇಕಿದ್ದ ಪರಾಗವೂ ಹೋಯ್ತು. ಪರಾಗಸ್ಪರ್ಶ ಮುಗಿದು ಬಾಡಿದ ಹೂವಿನಲ್ಲಿ ಘಮ ಉಳಿಯುವುದಿಲ್ಲ. ಆದ್ದರಿಂದ ಕಿತ್ತು ಹೊಸದಾಗಿ ನೆಡಲು ಗುರುತು ಹಾಕಿದ ಹಳೆ ಗಿಡಗಳಿದ್ದರೆ ಅವುಗಳ ಹೂ ಮಾತ್ರ ಸಾಕು. ಈ ಹೂವನ್ನು ಕುದಿಸಿ ಬಟ್ಟಿ ಇಳಿಸಿದರೆ ನವಿರು ಘಮ ಕೆಡುತ್ತೆ. ವಾಸನೆಯಿಲ್ಲದ ಎಣ್ಣೆಯಲ್ಲಿ ನೆನೆಸಿ, ದಿನಕ್ಕೊಮ್ಮೆ ಹಳೇ ಹೂ ತೆಗೆದು ಹೊಸದು ಹಾಕುವುದೇ ಸರಿ.

ನಷ್ಟವಿಲ್ಲದೆ ಸಿಗುವವು

ಕರಿಮೆಣಸು: ತೂರಿದಾಗ ಬೇರೆಯಾಗುವ ಹಗುರ ಕಾಳನ್ನು ತರಿತರಿಯಾಗಿ ಪುಡಿ ಮಾಡಿ ಬಟ್ಟಿ ಇಳಿಸಬಹುದು. ಖಾರ ಕೊಡುವ ಪೈಪರಿನ್ ಆವಿಯ ಜೊತೆ ಬರುವುದಿಲ್ಲ. ಹಾಗಾಗಿ ಎಣ್ಣೆಯಲ್ಲಿ ಮೆಣಸಿನ ಘಮ ಇರುತ್ತೆ, ಖಾರ ಇರಲ್ಲ.

ಏಲಕ್ಕಿ: ಎಣ್ಣೆ ಇರೋದು ಬೀಜದಲ್ಲಿ, ಸಿಪ್ಪೆಯಲ್ಲಿ ತೀರಾ ಕಡಿಮೆ. ಬಾಯಿ ಬಿಟ್ಟು, ಬಣ್ಣ ಹೋಗಿ ಕಡಿಮೆ ದರಕ್ಕೆ ಹೋಗುವ ಕಾಯಿ ಇದಕ್ಕೆ ಆಗುತ್ತೆ.

ಕೊಡಗಿನ ಕಿತ್ತಳೆ: ತಿಂದು ಬಿಸಾಡುವ ಸಿಪ್ಪೆಯಲ್ಲೇ ಪರಿಮಳದ ಎಣ್ಣೆ ಇದೆ. ಹಸಿ ಇರುವಾಗಲೇ ಬಳಸಬೇಕು.

ಬೆಳೆಯಬೇಕಾದವು

ಅತ್ತರು ಬಹಳ ಹೊತ್ತು ನಿಲ್ಲಬೇಕಾದರೆ ನಿಧಾನವಾಗಿ ಆರುವ ತಳಪರಿಮಳ ಬೇಕು. ಲಾವಂಚ ಇದಕ್ಕೆ ಒಳ್ಳೆಯದು. ಬಿಸಿಲು ಬೀಳುವ ಇಳಿಜಾರಿನ ಅಂಚಿಗೆ ನೆಟ್ಟರೆ ಮಣ್ಣನ್ನೂ ಹಿಡಿಯುತ್ತೆ. ಬೇರು ಕೊಯ್ಲಿಗೆ ಸುಮಾರು 15ರಿಂದ 18 ತಿಂಗಳು ಬೇಕು. ಬೇರು ಅಗೆದರೆ ಮಣ್ಣು ಸಡಿಲವಾಗುತ್ತೆ, ಆದ್ದರಿಂದ ಮಳೆಗಾಲದಲ್ಲಿ ಅಗೆಯಬೇಡಿ. ಸಾಲು ಬಿಟ್ಟು ಸಾಲು ತೆಗೆಯಿರಿ.

ಪಚೋಲಿ ಅರೆನೆರಳಿನ ಗಿಡ, ಕಾಫಿ ತೋಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಇಲ್ಲೇ ಎಚ್ಚರ ಬೇಕು. ಬೇರುಗಂಟು ಜಂತುಹುಳು ಪಚೋಲಿಯನ್ನು ಬಲು ಬೇಗ ಹಿಡಿಯುತ್ತದೆ, ಅದೇ ಹುಳು ಮೆಣಸಿನ ಬಳ್ಳಿಗೂ ಶತ್ರು. ಬಳ್ಳಿಯ ಬುಡದಿಂದ ದೂರದಲ್ಲಿ, ಗಂಟಿಲ್ಲದ ಶುದ್ಧ ಸಸಿ ತಂದು, ಒಂದೆರಡು ಮಡಿಯಲ್ಲಿ ಮಾತ್ರ ಪರೀಕ್ಷೆ ಮಾಡಿ. ಎಲೆಯನ್ನು ನೆರಳಲ್ಲಿ ಒಣಗಿಸಿಯೇ ಬಟ್ಟಿ ಇಳಿಸಬೇಕು.

ಶ್ರೀಗಂಧದ ಕಾನೂನು 2001ರ ತಿದ್ದುಪಡಿಯಿಂದ ಸಡಿಲವಾಗಿ, ಜಮೀನಿನ ಮರ ಮಾಲೀಕರದ್ದೇ ಆಗಿದೆ. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಪಕ್ಕದ ಕಾಡಿನಿಂದ ಬೇರು, ತೊಗಟೆ ತರುವ ಯೋಚನೆ ಬೇಡವೇ ಬೇಡ.

ಬೆರೆಸುವ ಕ್ರಮ

10 ಮಿ.ಲೀ. ಬಾಟಲಿಗೆ ಲಾವಂಚದ ಎಣ್ಣೆ 8 ಹನಿ, ಪಚೋಲಿ 4, ಏಲಕ್ಕಿ 4, ಕರಿಮೆಣಸು 3, ಕಿತ್ತಳೆ 8 ಹನಿ. ಈ ಕ್ರಮದಲ್ಲೇ ಹಾಕಿ. ತಳಪರಿಮಳ ಮೊದಲು, ಬೇಗ ಹಾರಿಹೋಗುವ ಕಿತ್ತಳೆ ಕೊನೆಗೆ. ಉಳಿದ ಜಾಗಕ್ಕೆ ಕಾಫಿ ಹೂ ನೆನೆಸಿದ ಎಣ್ಣೆ ತುಂಬಿ. ಮದ್ಯಸಾರ ಬಳಸಿದರೆ ಅಬಕಾರಿ ನಿಯಮ ಬರುತ್ತೆ, ಎಣ್ಣೆಗೆ ಆ ತಾಪತ್ರಯ ಇಲ್ಲ. ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ ಮೂರ್ನಾಲ್ಕು ವಾರ ಕತ್ತಲಲ್ಲಿಡಿ, ಆಮೇಲೆ ಮೂಸಿ ನೋಡಿ. ಹನಿ ಹನಿ ಲೆಕ್ಕ ಬರೆದಿಡಿ, ಇಲ್ಲದಿದ್ರೆ ಎರಡನೇ ಸಲ ಅದೇ ಪರಿಮಳ ಬರಲ್ಲ.

ನಿಂಬೆಹುಲ್ಲು ಮತ್ತು ದಾಲ್ಚಿನ್ನಿ ಎಣ್ಣೆ ಚರ್ಮವನ್ನು ಕೆರಳಿಸಬಹುದು, ಹೊಸಬರು ಅವನ್ನು ದೂರ ಇಡುವುದೇ ಕ್ಷೇಮ. ಯಾವ ಮಿಶ್ರಣವೇ ಆಗಲಿ, ಮುಂಗೈಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ.

ಮಾರುವ ಮುನ್ನ

ಮೈಗೆ ಹಚ್ಚುವ ಸುಗಂಧ ಕಾನೂನಿನ ಪ್ರಕಾರ ಸೌಂದರ್ಯವರ್ಧಕ. ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ಅದಕ್ಕೇ ಮೊದಲ ವರ್ಷ ಮನೆಬಳಕೆಗಷ್ಟೇ ಮಾಡಿ. ಸಸಿ, ತಳಿ, ಬಟ್ಟಿ ಇಳಿಸುವ ವಿಧಾನದ ಬಗ್ಗೆ ಬೆಂಗಳೂರಿನ ಸಿಮ್ಯಾಪ್ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಬಟ್ಟಿ ಯಂತ್ರಕ್ಕೆ ದುಡ್ಡು ಹಾಕೋದು ಕೊನೆಯ ಹೆಜ್ಜೆ. ಈ ಕೊಯ್ಲಿನಲ್ಲಿ ಹಗುರ ಮೆಣಸು ಎಷ್ಟು ಕಿಲೋ ಬಂತು, ಬಾಯಿಬಿಟ್ಟ ಏಲಕ್ಕಿ ಎಷ್ಟು ಅಂತ ತೂಗಿ ಬರೆದಿಡೋದು ಮೊದಲ ಹೆಜ್ಜೆ.